ತಟ್ಟೆ ಮೇಲಿನ ಏಟು

ಹೆಬ್ಬೆಟ್ಟು ಮೇಲಕ್ಕಿದ್ರೆ ಗೇಮ್ ಚೆನ್ನಾಗೈತೆ ಅಂತ, ಕೆಳಕ್ಕಿದ್ರೆ ತಿಪ್ಪೆಗೆ ಹಾಕು ಅಂತ. ಇಷ್ಟೇ ಕಣ್ರೀ ಆ ಅಂಗಡಿ ನ್ಯಾಯ. ಕಂಪ್ಯೂಟರ್ ಗೇಮ್ ಮಾರೋ ಅಂಗಡಿ ಅದು, ಇಂಟರ್‌ನೆಟ್‌ನಲ್ಲೇ ಇರೋದು. ಆಡಿದೋರು ಹೆಬ್ಬೆಟ್ಟು ಒತ್ತಿ, ಕೆಳಗೆ ನಾಲ್ಕು ಮಾತು ಬರೀತಾರೆ. ನಮ್ಮಣ್ಣ ಶಾಂತರಾಜು ಮಾಡಿದ ಗೇಮ್ ಆ ಅಂಗಡಿಗೆ ಹೋದ ಮೇಲೆ ಆ ಮಾತುಗಳ್ನೆಲ್ಲ ಕೂತು ಓದ್ದೋಳು ನಾನು. ಬಿ.ಎ. ಓದಿದ್ರೂ ತಿಳೀದೇ ಇದ್ದಿದ್ದು ಅಲ್ಲಿ ತಿಳೀತು.

ನಾನು ರಂಜಿನಿ. ಹೊಳೆನರಸೀಪುರದಲ್ಲಿ ಒಂದು ಫ್ಲೆಕ್ಸ್ ಅಂಗಡೀಲಿ ಡಿಸೈನ್ ಮಾಡ್ತೀನಿ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಎರಡಕ್ಕೂ ಜನ ಅದೇ ನಗೋ ಫೋಟೋ ತಂದುಕೊಡ್ತಾರೆ. ಅಣ್ಣ ಚನ್ನರಾಯಪಟ್ಟಣದ ಒಂದು ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತಾನೆ, ಭಾನುವಾರ ಊರಿಗೆ ಬತ್ತಾನೆ. ಊರು ಹಳ್ಳಿಮೈಸೂರಿಂದ ಒಳಕ್ಕೆ. ಗೇಮ್ ಅವನು ಕಟ್ಟಿದ, ಚಿತ್ರ ನಾನು ಬರೆದೆ. ಹೆಸರು 'ಏಳೂರ ದಂಡು'.

ಆಡೋ ವಿಧಾನ ಸುಲಭ. ದಂಡು ಕಟ್ಟಿ ಸಾಲಾಗಿ ನಿಲ್ಸೋದು. ಪಾಳೇಗಾರ, ಈಟಿಯೋರು, ಕೊಳ್ಳಿದೆವ್ವ, ಹುಲಿ ಬೆನ್ನ ಮೇಲೆ ಕೂತ ಮಾಟಗಾತಿ, ಯಾರ್ನ ಎಲ್ಲಿ ಬೇಕಾದ್ರೂ ನಿಲ್ಸಿ. ನಿಲ್ಸಿದ ಮೇಲೆ ಕೈ ಕಟ್ಕೊಂಡು ನೋಡ್ತಾ ಇರೋದು ಅಷ್ಟೆ. ಅವ್ರೇ ಹೊಡೆದಾಡ್ತಾರೆ, ಅವ್ರೇ ಸಾಯ್ತಾರೆ. ನಿಲ್ರಪ್ಪೋ ಅಂದ್ರೂ ನಿಲ್ಲಲ್ಲ. ಆಟೋ ಬ್ಯಾಟ್ಲರ್ ಅಂತಾರೆ ಈ ಜಾತಿ ಗೇಮಿಗೆ. ಅಣ್ಣನ ದಂಡಲ್ಲಿ ಒಂದು ವಿಶೇಷ ಇತ್ತು. ಹಿಂದಿನ ಸಾಲಲ್ಲಿ ಒಬ್ಬ ತಮಟೆಯವನು. ಅವನ ಏಟಿಗೇ ಇಡೀ ದಂಡು ಹೆಜ್ಜೆ ಇಡಬೇಕು. ಅವನು ಬಿದ್ದೋದ್ರೆ ಪಾಳೇಗಾರ ಇದ್ದ ಜಾಗದಲ್ಲೇ ಕಂಬ.

ಅಲ್ಲಿಗೇ ಶುರುವಾಯ್ತು ಉರಿ. ಅರಕಲಗೂಡಿನ ಯಾವನೋ ಬರೆದ: "ತಮಟೆಯವನಿಗೆ ಇಷ್ಟು ಪವರ್ ಯಾಕೆ ಗುರು? ಪಾಳೇಗಾರನ್ನ ಇವನು ಆಡಿಸ್ತಾನಾ? ಬೇಗ ಕಮ್ಮಿ ಮಾಡಿ." ಹೆಬ್ಬೆಟ್ಟು ಕೆಳಗೆ. ಇನ್ನೊಬ್ಬ: "ಚಿತ್ರ ಚೆನ್ನಾಗಿವೆ. ಆದ್ರೆ ತಮಟೆಯವನು ಒಂದೇ ಏಟಿಗೆ ಸಾಯಲ್ಲ, ಇದು ವಾಸ್ತವಕ್ಕೆ ದೂರ." ಅಯ್ಯೋ ನಿನ್ ವಾಸ್ತವಕ್ಕಿಷ್ಟು ಬೆಂಕಿ ಹಾಕ! ಮಾಟಗಾತಿ ಹುಲಿ ಮೇಲೆ ಕೂತಿದ್ದು ವಾಸ್ತವ, ತಮಟೆಯವನು ಬದುಕಿದ್ದು ಮಾತ್ರ ಅವನಿಗೆ ಹೊಂದಲಿಲ್ಲ. ಬ್ರೆಜಿಲ್ಲೋ ಎಲ್ಲಿಯವನೋ ಒಬ್ಬ, ಆ ವಾದ್ಯ ಶುರುವಾದ್ರೆ ಮೈ ಜುಂ ಅಂತದೆ ಅಂತ ಹೆಬ್ಬೆಟ್ಟು ಮೇಲಕ್ಕೆತ್ತಿದ್ದ. ದೂರದೋರೇ ವಾಸಿ ಅಂದ್ಕೊಂಡೆ.

ನಮ್ಮಪ್ಪ ಸಣ್ಣಯ್ಯನ ಕತೆ ಹೇಳ್ದೆ ಇದು ಅರ್ಥ ಆಗಲ್ಲ. ಅಪ್ಪ ಊರ ತಮಟೆಯವನು. ಆಗಿದ್ದ. ನಾನಿನ್ನೂ ಹುಟ್ಟಿರಲಿಲ್ಲ, ಅಣ್ಣ ತೊಟ್ಟಿಲಲ್ಲಿದ್ದ. ಊರ ಯಜಮಾನ ರಂಗಸ್ವಾಮಿ ಗೌಡನ ತಾಯಿ ಸತ್ಲು. ಅಪ್ಪಂಗೆ ಹೇಳಿ ಕಳ್ಸಿದ್ರು. ಅಪ್ಪ ಅಷ್ಟೊತ್ತಿಗೆ ಹಾಸನದಲ್ಲಿ ನಮ್ಮೋರ ಮೀಟಿಂಗುಗಳಿಗೆ ಹೋಗಿ ಬಂದಿದ್ದ, ಇನ್ನು ಹೆಣದ ಮುಂದೆ ಹೊಡೆಯಲ್ಲ ಅಂದ. ಗೌಡನ ಕಡೆಯೋರು ಬಂದು ಎಳ್ಕೊಂಡೋಗಿ, ಅಂಗಿ ಹರಿದು, ಕೊರಳಿಗೆ ತಮಟೆ ಕಟ್ಟಿ, ಹೆಣ ಎತ್ತೋ ತನಕ ಹೊಡೆಸಿದ್ರು. ಬೆರಳ ಚರ್ಮ ಕಿತ್ತು ಬಂದ್ರೂ ಬಿಡ್ಲಿಲ್ಲ. ರಂಗಸ್ವಾಮಿ ಗೌಡ ಕುರ್ಚಿ ಹಾಕ್ಕೊಂಡು ಕೂತು, "ಜೋರಾಗಿ ಹೊಡಿಲಾ, ನಮ್ಮವ್ವಂಗೆ ಕೇಳಿಸ್ಬೇಕು" ಅಂತಿದ್ನಂತೆ.

ಮಾರನೇ ದಿನ ಅಪ್ಪ ತಮಟೆನ ತಿಪ್ಪೆ ಮೇಲಿಟ್ಟು ಬೆಂಕಿ ಕೊಟ್ಟ. ಗೌಡ ಸುಮ್ಕಿರ್ತಾನಾ? ಕೂಲಿ ಕೊಡಬ್ಯಾಡಿ ಅಂದ, ಅಂಗಡೀಲಿ ಸಾಮಾನು ಕೊಡಬ್ಯಾಡಿ ಅಂದ. ಅಪ್ಪ ಅಮ್ಮ ತೊಟ್ಟಿಲು ಹೊತ್ಕೊಂಡು ಅರಕಲಗೂಡು ಕಡೆ ಹೋಗಿ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗಳಲ್ಲಿ ದುಡಿದ್ರು. ಊರಿಗೆ ವಾಪಸ್ ಬಂದು ತುಂಡು ಜಮೀನು ಮಾಡಿ, ನಮ್ಮಿಬ್ಬರ್ನೂ ಹಾಸ್ಟೆಲಿಗೆ ಹಾಕಿ ಓದಿಸೋ ಹೊತ್ಗೆ ಇಬ್ಬರ ಸೊಂಟಾನೂ ಬಿದ್ದೋಗಿತ್ತು. ನಮ್ಮನೇಲಿ ಬುದ್ಧ. ನಮ್ ಕೇರೀಲಿ ಸಾವಾದ್ರೆ ಬುದ್ಧ ವಂದನೆ ಹೇಳಿ ಮಣ್ಣು ಮಾಡ್ತೀವಿ, ವಾದ್ಯ ಇಲ್ಲ. ಅಪ್ಪ ಬದುಕಲ್ಲಿ ಗೆದ್ದಿದ್ದು ಅಂತ ಇದ್ರೆ ಒಂದೇ. ಯಾರಾದ್ರೂ ಕೇಳಿದ್ರೆ ಎರಡೂ ಕೈ ತೋರಿಸಿ ಹೇಳೋನು, "ನನ್ ಮಕ್ಕಳ ಕೈ ತಮಟೆ ಮುಟ್ಟಿಲ್ಲ."

"ಇಂಥಾ ಮನೇಲಿ ಹುಟ್ಟಿ ಗೇಮಲ್ಲಿ ಯಾಕ್ಲಾ ಅಣ್ಣಾ ತಮಟೆಯವನು?" ಅಂತ ನಾನು ಮೊದಲೇ ಜಗಳ ಆಡಿದ್ದೆ.

"ಅಪ್ಪನ್ನ ದೊಡ್ಡೋನು ಮಾಡ್ತೀನಿ ಕಣೆ. ಗೌಡನ ದಂಡು ಅಪ್ಪನ ಏಟಿಗೆ ಹೆಜ್ಜೆ ಹಾಕ್ಲಿ" ಅಂದ. ಮಾತು ಚೆನ್ನಾಗಿತ್ತು. ನಾನೂ ಮರುಳಾಗಿ ಅಪ್ಪನ ಮುಖಾನೇ ಬರೆದೆ. ತಲೆಗೆ ಟವೆಲ್ಲು, ಬರಿ ಮೈ.

ಫೋನಲ್ಲಿ ಚಿತ್ರ ತೋರಿಸ್ದಾಗ ಅಪ್ಪ ತುಂಬಾ ಹೊತ್ತು ನೋಡ್ದ. "ಪಾಳೇಗಾರಂಗೆ ರೇಷ್ಮೆ ಕೋಟು ಹಾಕಿದ್ದೀಯ. ಇವ್ನಿಗೆ ಅಂಗಿ ಯಾಕಿಲ್ಲ ಮಗಾ?" ಅಂದ. ಅವತ್ತೇ ಕೂತು ಅವನಿಗೆ ನೀಲಿ ಅಂಗಿ ಬರೆದೆ, ಗುಂಡಿ ಸಮೇತ. ಮುಂದಿನ ಅಪ್ಡೇಟಲ್ಲಿ ಅಣ್ಣ ಅದನ್ನೇ ಹಾಕ್ದ.

ಇನ್ನು ತಮಟೆ ಸದ್ದು ಎಲ್ಲಿಂದ ಬಂತು ಅನ್ನೋದು. ಹೋದ ವರ್ಷ ರಂಗಸ್ವಾಮಿ ಗೌಡ ಸತ್ತ. ಶ್ರದ್ಧಾಂಜಲಿ ಫ್ಲೆಕ್ಸು ನಮ್ಮಂಗಡೀಲೇ, ನನ್ ಕೈಯಲ್ಲೇ ಆಯ್ತು. 'ಬಡವರ ಬಂಧು' ಅಂತ ದಪ್ಪಕ್ಷರದಲ್ಲಿ ಹಾಕು ಅಂದ್ರು, ಹಾಕಿದೆ. ಹೊಟ್ಟೆಪಾಡು. ಹಾಸನದಿಂದ ಬ್ಯಾಂಡ್ ಸೆಟ್ ತರಿಸಿ ತ್ವಾಟದಲ್ಲಿ ಮಣ್ಣು ಮಾಡಿದ್ರು. ಆ ಮಧ್ಯಾಹ್ನ ಅಪ್ಪ ಉಂಡು, ತಟ್ಟೆ ತೊಳ್ಕೊಂಡು ಬಂದು, ತೊಡೆ ಮೇಲೆ ಬೋರಲು ಹಾಕ್ಕೊಂಡು ಬೆರಳಲ್ಲಿ ಬಡಿಯೋಕೆ ಶುರು ಮಾಡ್ದ. ಹುಟ್ಟಿದಾಗಿಂದ ನಾವು ಅದನ್ನ ಕಂಡಿರಲಿಲ್ಲ. ಅಪ್ಪ ಇವತ್ತು ಖುಷಿಯಾಗವ್ನೆ ಅಂದ್ಕೊಂಡು ಅಣ್ಣ ಸದ್ದಿಲ್ದೆ ಫೋನಲ್ಲಿ ಹಿಡ್ಕೊಂಡ. ಆಮೇಲೆ ಕಂಪ್ಯೂಟರಲ್ಲಿ ಅದನ್ನ ದಪ್ಪ ಮಾಡಿ, ತಮಟೆ ದನಿ ಬರೋ ಹಂಗೆ ತಿದ್ದಿ, ದಂಡು ಹೊರಡೋ ಏಟು ಅಂತ ಗೇಮಿಗೆ ಹಾಕ್ದ. ಯಾವ ಏಟು ಯಾವುದಕ್ಕೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಕ್ಕಳ ಕೈ ತಮಟೆ ಮುಟ್ಟದ ಹಾಗೆ ಅಪ್ಪ ಗೆದ್ದಿದ್ದ ಅಂದೆನಲ್ಲ, ಅದರ ಫಲ.

ಈಗ ಕುಮಾರ. ರಂಗಸ್ವಾಮಿ ಗೌಡನ ಮೊಮ್ಮಗ, ಹೈಸ್ಕೂಲಲ್ಲಿ ಅಣ್ಣನ ಬೆಂಚಿನೋನು. ಹಾಸನದಲ್ಲಿ ಮನೆ ಮಹಡಿ ಮೇಲೆ ರೂಮ್ ಮಾಡ್ಕೊಂಡು, ಗೇಮ್ ಆಡೋದನ್ನ ಲೈವ್ ತೋರಿಸ್ತಾನೆ. ಕನ್ನಡದಲ್ಲಿ ಅವನಷ್ಟು ಜನ ನೋಡೋರು ಕಮ್ಮಿ. "ನಮ್ಮೂರ್ ಹುಡ್ಗ ಮಾಡವ್ನೆ, ಎಲ್ರೂ ತಗೊಳ್ರಪ್ಪಾ" ಅಂತ ಲೈವಲ್ಲಿ ಕೂತು ಶುರು ಮಾಡ್ದ. ಅಣ್ಣ ಚನ್ನರಾಯಪಟ್ಟಣದ ರೂಮಲ್ಲಿ, ನಾನು ಫ್ಲೆಕ್ಸ್ ಅಂಗಡೀಲಿ ಬಾಯಿ ಬಿಟ್ಕೊಂಡು ನೋಡ್ತಿದ್ವಿ.

ಕುಮಾರ ದಂಡು ನಿಲ್ಸಿದ. ತಮಟೆ ಶುರುವಾಯ್ತು. ಅವನ ಹಿಂದೆ ಬಾಗಿಲು ತಳ್ಕೊಂಡು ಅವರಜ್ಜಿ ನಂಜಮ್ಮ ಬಂದ್ಲು, ರಂಗಸ್ವಾಮಿ ಗೌಡನ ಹೆಂಡ್ತಿ.

"ಯಾರ್ಲಾ ಓಗಿದ್ದು? ಯಾರ ಮನೇದ್ಲಾ ಹೆಣ?"

"ಯಾರೂ ಹೋಗಿಲ್ಲ ಅಜ್ಜಿ, ಗೇಮು."

"ಗೇಮೋ ಗೀಮೋ, ಅದು ಸಾವಿನ ಏಟು ಕಣ್ಲಾ! ನಿಲ್ಸಲಾ, ಮನೇಗೆ ಆಗಿಬರಕಿಲ್ಲ!"

ನಿಲ್ಸೋಕೆ ಎಲ್ಲಿ ಆಗುತ್ತೆ? ದಂಡು ಹೊರಟಿತ್ತು. ಅಜ್ಜಿ ಕಿವಿ ಮುಚ್ಕೊಂಡು ನಿಂತ್ಲು. ನೋಡ್ತಿದ್ದ ಜನ ಬಿದ್ದು ಬಿದ್ದು ನಕ್ಕರು, ಆ ತುಣುಕು ಹಾಸನ ಜಿಲ್ಲೆ ಎಲ್ಲಾ ಫೋನಿಗೂ ಹೋಯ್ತು.

ಎರಡನೇ ದಿನಕ್ಕೆ ನಗು ನಿಂತೋಯ್ತು. "ಮನೇಲಿ ಹಾಕ್ದೆ, ಅಮ್ಮ ಸಗಣಿ ನೀರು ಹಾಕಿ ಅಂಗಳ ತೊಳೆದ್ಲು." ಹೆಬ್ಬೆಟ್ಟು ಕೆಳಗೆ. "ಗೌಡ್ರ ದಂಡಿಗೆ ಹೆಣದ ತಮಟೆ ಹಾಕವ್ನೆ. ಇದು ಗೊತ್ತಿಲ್ದೆ ಮಾಡಿದ್ದಲ್ಲ." ಹೆಬ್ಬೆಟ್ಟು ಕೆಳಗೆ. "ಇವರಿಗೆ ಕಂಪ್ಯೂಟರ್ ಕೊಟ್ಟೋರ್ನ ಅನ್ನಬೇಕು." ಹೆಬ್ಬೆಟ್ಟು ಕೆಳಗೆ. ಒಬ್ಬ ಬರೀ ಒಂದು ಪದ ಬರೆದಿದ್ದ, "ಕೊಬ್ಬು." ಗೇಮ್ ಹೆಸರಿನ ಪಕ್ಕ ಅಂಗಡಿಯೋರು ಕೆಂಪಲ್ಲಿ ಹಾಕಿದ್ರು, ಬಹುಪಾಲು ಜನಕ್ಕೆ ಹಿಡಿಸಿಲ್ಲ ಅಂತ. ಪೋಲೆಂಡಿನ ಒಂದು ಕಂಪನಿ ಈ ಗೇಮ್ ತಗೊಂಡು ದೊಡ್ಡದು ಮಾಡ್ತೀವಿ ಅಂದಿತ್ತು. ಅವರೂ, ರಿವ್ಯೂ ಸರಿಹೋಗ್ಲಿ ಆಮೇಲೆ ಮಾತಾಡಣ ಅಂದ್ಬುಟ್ರು.

ಅಣ್ಣ ರಜಾ ಹಾಕಿ ಊರಿಗೆ ಓಡಿ ಬಂದ. ಲ್ಯಾಪ್‌ಟಾಪ್ ತೆಗೆದು ಅಪ್ಪನ ಮುಂದಿಟ್ಟು ಸದ್ದು ಹಾಕ್ದ. ಅಪ್ಪ ಅದನ್ನ ಕೇಳಿದ್ದು ಅದೇ ಮೊದಲು.

"ನಂದಲ್ವಾ ಇದು? ಯಾವಾಗ್ಲಾ ಕದ್ದೆ?"

"ಅಪ್ಪಾ, ಇದು ಯಾವ ಏಟು?"

"ಅವತ್ತು ರಂಗಸ್ವಾಮಿ ಸತ್ತಿದ್ನಲ್ಲ" ಅಂದ ಅಪ್ಪ. "ಅವ್ನ ಹೆಣದ ಮುಂದೆ ನಾನು ಹೊಡೀಲಿಲ್ಲ. ನನ್ ಮನೆ, ನನ್ ತಟ್ಟೆ. ಉಂಡು ಕೈ ತೊಳ್ಕೊಂಡು ಕಳಿಸ್ಕೊಟ್ಟೆ."

"ದುಃಖಕ್ಕಾ ಅಪ್ಪಾ?" ಅಂದೆ ನಾನು.

"ಅವತ್ತಿನ ಉಳ್ಳಿಕಾಳು ಸಾರಿಗೆ ಬಾಡೂಟದ ರುಚಿ ಇತ್ತು ಕಣವ್ವ."

ಅಮ್ಮ ಥೂ ಅಂದ್ಲು, ಸತ್ತೋರ ಮೇಲೆ ಅಂಗನ್ನಬಾರ್ದು ಅಂದ್ಲು, ಆಮೇಲೆ ಸೆರಗು ಬಾಯಿಗಿಟ್ಕೊಂಡು ಅವಳೂ ನಕ್ಕಳು. ನಾನಂತೂ ಹೊಟ್ಟೆ ಹಿಡ್ಕೊಂಡು ನಕ್ಕೆ. ಗೌಡನ ಸಾವಿನ ಏಟು ಗೌಡನ ಮೊಮ್ಮಗನ ರೂಮಲ್ಲೇ, ಗೌಡನ ಹೆಂಡ್ತಿ ಕಿವಿಗೇ ಬಿತ್ತಲ್ಲ! ಇಷ್ಟು ವರ್ಷದಲ್ಲಿ ನಮ್ಮನೇಲಿ ಅಂಥಾ ನಗು ಕೇಳಿರಲಿಲ್ಲ. ಅಣ್ಣ ಒಬ್ಬನೇ ನಗಲಿಲ್ಲ. ಅವನು ಫೋನ್ ನೋಡ್ತಿದ್ದ, ಕೆಂಪು ಇನ್ನೂ ಕೆಂಪಾಗ್ತಾ ಇತ್ತು.

ಅಷ್ಟರಲ್ಲೇ ಕುಮಾರನ ಫೋನು. ಅಣ್ಣ ಸ್ಪೀಕರಿಗೆ ಹಾಕ್ದ.

"ಗುರು, ಬೇಜಾರ್ ಮಾಡ್ಕೋಬೇಡ, ನಂಗೇನೂ ಸಿಟ್ಟಿಲ್ಲ" ಅಂದ ಕುಮಾರ, ಬೆಣ್ಣೆ ಹಚ್ಚಿದ ದನಿ. "ನಮ್ ಕಡೆ ಹುಡುಗ್ರು ಸ್ವಲ್ಪ ಗರಂ ಆಗವ್ರೆ. ನೀನು ಲೈವಿಗೆ ಬಂದು ಒಂದ್ಸಲ ಕ್ಷಮೆ ಕೇಳ್ಬುಡು. ಅಂಗೇ ಸಣ್ಣಯ್ಯನ್ನೂ ಕರ್ಕೊಂಡ್ ಬಾ. ಒಳ್ಳೇ ಮೆರವಣಿಗೆ ಏಟು ಹೊಡೀಲಿ, ಲೈವಲ್ಲೇ ರೆಕಾರ್ಡ್ ಮಾಡ್ಕೊಂಡು ಗೇಮಿಗೆ ಹಾಕ್ಬುಡಣ. ಸಖತ್ ಕಂಟೆಂಟ್ ಆಗುತ್ತೆ. ಅಜ್ಜಿಗೂ ಸಮಾಧಾನ."

ಅಣ್ಣನಿಗಿಂತ ಮೂವತ್ತು ವರ್ಷ ದೊಡ್ಡೋನು ನಮ್ಮಪ್ಪ, ಆ ಕುಮಾರನ ಬಾಯಲ್ಲಿ ಬರೀ ಸಣ್ಣಯ್ಯ. ಫೋನ್ ಕಿತ್ಕೊಂಡು ಉಗೀಬೇಕು ಅನ್ನಿಸ್ತು. ಅಣ್ಣ "ಕೇಳ್ತೀನಿ ಕುಮಾರ್" ಅಂದು ಇಟ್ಟ. ಕೇಳ್ತೀನಿ ಅಂತೆ! ಥೂ.

ಅಪ್ಪ ಎಲ್ಲಾ ಕೇಳಿಸ್ಕೊಂಡಿದ್ದ. ಗೇಮ್ ಇನ್ನೂ ಓಡ್ತಿತ್ತು. ಬೆರಳಲ್ಲಿ ತಮಟೆಯವನ್ನ ತೋರಿಸಿ, "ಇವ್ನು ಸಾಕು ಅಂದ್ರೆ ನಿಲ್ಸೋ ಬಟನ್ ಐತಾ?" ಅಂದ.

"ಇಲ್ಲಪ್ಪಾ. ಈ ಗೇಮೇ ಅಂಗೆ. ನಿಲ್ಸಿದ ಮೇಲೆ ಹೊಡೀತಾನೇ ಇರ್ತಾನೆ."

"ಅಂಗಾದ್ರೆ ಅವ್ನು ನಾನಲ್ಲ. ನನ್ ಮುಖ ತೆಗೆದಾಕು."

"ಈಗ ಕಾಲ ಬದಲಾಗೈತೆ ಅಪ್ಪಾ. ತಮಟೆ ಈಗ ಕಲೆ. ಯೂನಿವರ್ಸಿಟೀಲಿ ಕಲಿಸ್ತಾರೆ, ಪ್ರಶಸ್ತಿ ಕೊಡ್ತಾರೆ."

"ಕಲೆ ಆದ್ರೆ ಕುಮಾರನೇ ಕಲ್ತು ಹೊಡೀಲಿ" ಅಂದ ಅಪ್ಪ. "ನಾನು ಬರಕಿಲ್ಲ. ನಿನ್ ಕೈಯೂ ಮುಟ್ಟಬಾರ್ದು ಶಾಂತ. ಗೇಮು ಹೋದ್ರೆ ಇನ್ನೊಂದು ಮಾಡೀಯೆ. ಇದು ಹೋದ್ರೆ ನಂತಾವ ಇನ್ನೊಂದಿಲ್ಲ."

ಇದಕ್ಕಿಂತ ಬಿಡಿಸಿ ಯಾವ ಅಪ್ಪ ಹೇಳ್ತಾನೆ ಹೇಳಿ. ಅಣ್ಣ ತಲೆ ಆಡಿಸ್ದ. ನಾನು ನಂಬಿದೆ.

ಅದೇ ವಾರ ಅವನು ಹಾಸನಕ್ಕೆ ಹೋದ. ನಮಗೆ ಹೇಳ್ಲಿಲ್ಲ. ಯಾವನದೋ ನಾಮಕರಣದ ಫ್ಲೆಕ್ಸ್ ಮಾಡ್ತಾ ಕೂತಿದ್ದೆ, ಫೋನಲ್ಲಿ ಲೈವ್ ಶುರು ಅಂತ ಬಂತು. ತೆರೆದ್ರೆ ಕುಮಾರನ ಪಕ್ಕ ನಮ್ಮಣ್ಣ, ಮಡಿಲಲ್ಲಿ ಹೊಸಾ ಫೈಬರ್ ತಮಟೆ.

"ನಮ್ಮಿಂದ ತಪ್ಪಾಗೈತೆ" ಅಂದ. "ನಂಗೆ ಗೊತ್ತಿರ್ಲಿಲ್ಲ. ನಮ್ಮಪ್ಪಂಗೂ ವಯಸ್ಸಾಗೈತೆ, ಏನೋ ಹೊಡೆಯೋಕೆ ಹೋಗಿ ಏನೋ ಹೊಡೆದವ್ನೆ. ಅವ್ನಿಗೆ ಏಟೇ ಮರ್ತೋಗಿದೆ."

ಅಯ್ಯೋ ಪಾಪಿ! ಅಪ್ಪ ಜೀವಮಾನದಲ್ಲಿ ಒಂದೇ ಒಂದು ಸಾರಿ ತಿರುಗಿಸಿ ಹೊಡೆದಿದ್ದ, ಅದೂ ತಟ್ಟೆ ಮೇಲೆ. ಅದನ್ನೂ ಮುದುಕನ ಮರೆವು ಅಂತ ಒಪ್ಪಿಸಿಬಿಟ್ಟ.

ಕುಮಾರ ಬೆನ್ನು ತಟ್ಟಿದ. "ಶುರು ಮಾಡು ಗುರು. ಇರು ಇರು, ಅಂಗಿ ಬಿಚ್ಚು, ಗೇಮಲ್ಲಿ ಮೊದ್ಲು ಇತ್ತಲ್ಲ ಅಂಗೆ. ತಲೆಗೆ ಟವೆಲ್ಲು ತಗೋ." ನಗ್ತಾನೇ ಹೇಳ್ದ, ಬೈಲಿಲ್ಲ, ಗದರಿಸಲಿಲ್ಲ. ಅವರ ತಾತಂಗೆ ನಾಲ್ಕು ಆಳು ಬೇಕಾಗಿತ್ತು. ಅಣ್ಣ ತಾನೇ ಗುಂಡಿ ಬಿಚ್ಚಿದ.

ಹೊಡೆಯೋಕೆ ಬಂದ್ರೆ ತಾನೆ? ಯೂಟ್ಯೂಬ್ ನೋಡಿ ಕಲ್ತಿದ್ದ ಅಂತ ಕಾಣ್ತದೆ, ಲಟಪಟ ಲಟಪಟ ಅಂತ ಬಡಿದ. "ಜೋರಾಗಿ ಗುರು, ಅಜ್ಜಿಗೆ ಕೇಳಿಸ್ಬೇಕು" ಅಂದ ಕುಮಾರ. ಆ ಮಾತು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿತ್ತೋ ಇಲ್ವೋ ದೇವರೇ ಬಲ್ಲ. ನೋಡೋರು ಕೆಳಗೆ ನಗೋ ಮುಖ ಸುರೀತಿದ್ರು. ನಂಜಮ್ಮ ಬಂದ್ಲು. ಸೊಂಟದಿಂದ ಒಂದು ನೋಟು ತೆಗೆದು, ಕೈಗೆ ಕೊಡದೆ ಅವನ ಮುಂದೆ ನೆಲಕ್ಕೆ ಹಾಕಿದ್ಲು. ಹಳೇ ಪದ್ಧತಿ, ಮುಟ್ಟಬಾರ್ದಲ್ಲ. ನಮ್ಮಣ್ಣ ಬಗ್ಗಿ ಎತ್ಕೊಂಡ. ಎತ್ಕೊಂಡು ಹಲ್ಲು ಬಿಟ್ಟ.

ಹೆಬ್ಬೆಟ್ಟುಗಳು ಎದ್ದು ನಿಂತ್ವು ನೋಡಿ! "ವಿನಯ ಇರೋ ಹುಡ್ಗ." "ದೊಡ್ಡೋರ್ಗೆ ಬೆಲೆ ಕೊಟ್ಟ, ಇಂಥೋರು ಬೆಳೀಬೇಕು." "ಈಗ ಬ್ಯಾಲೆನ್ಸ್ ಸರಿಹೋಯ್ತು, ಸೂಪರ್ ಗೇಮ್." ಎಲ್ಲಾ ಮೇಲಕ್ಕೆ. ಬಗ್ಗಿದ ಮೇಲೆ ಬೆಳೀಬೇಕಂತೆ. ಕೆಂಪು ಹೋಗಿ ನೀಲಿ ಬಂತು, ಪೋಲೆಂಡಿನೋರು ಹೂಂ ಅಂದ್ರು.

ಅಪ್ಪಂಗೆ ನಾನು ತೋರಿಸಲಿಲ್ಲ. ತೋರಿಸೋಕೆ ಊರಲ್ಲಿ ಜನಕ್ಕೆ ಬರವಾ? ಟೀ ಅಂಗಡೀಲಿ ಕರೆದು ಕೂರಿಸಿ ಪೂರ್ತಿ ತೋರಿಸಿದ್ರಂತೆ, "ನೋಡು ಸಣ್ಣಯ್ಯ, ನಿನ್ ಮಗ ಶುರು ಹಚ್ಕೊಂಡ" ಅಂತ. ಮನೆಗೆ ಬಂದು ಅಪ್ಪ ಹಸುಗೆ ಹುಲ್ಲು ಹಾಕಿ ಮಲಗ್ದ.

ಭಾನುವಾರ ಅಣ್ಣ ಬಂದ, ಕೈಯಲ್ಲಿ ಚನ್ನರಾಯಪಟ್ಟಣದ ಸ್ವೀಟ್ ಬಾಕ್ಸು. ಅಮ್ಮ ಮುದ್ದೆ ಇಟ್ಟು, ಉಳ್ಳಿಕಾಳು ಸಾರು ಬಿಟ್ಲು. ಅಪ್ಪ ಮೊದಲೇ ಕೂತು ಉಣ್ತಿದ್ದ.

"ಎಲ್ಲಾ ಸರಿಹೋಯ್ತು ಅಪ್ಪಾ" ಅಂದ ಅಣ್ಣ. "ಒಂದು ದಿನದ ಕೆಲಸ ಅಷ್ಟೆ. ನಿನ್ ಮುಖಾನೂ ತೆಗೆದಾಕಿದ್ದೀನಿ."

"ಯಾರ್ದು ಹಾಕ್ದೆ?" ಅಂದ ಅಪ್ಪ.

ಅಣ್ಣ ಸ್ವೀಟ್ ಬಾಕ್ಸಿನ ದಾರ ಬಿಚ್ಚೋಕೆ ಹೋದ. ನಂಗೊತ್ತಿತ್ತು. ಜನ ಕೇಳ್ತಾವ್ರೆ ಅಂತ ಕುಮಾರ ಹೇಳಿ, ಅಣ್ಣನದ್ದೇ ಮುಖ ಹಾಕಿಸಿದ್ದ, ಬರಿ ಮೈ ಸಮೇತ.

ಅಪ್ಪ ಎದ್ದು ಹೋಗಿ ತಟ್ಟೆ ತೊಳ್ಕೊಂಡು ಬಂದ. ಅಣ್ಣನ ಎದುರಿಗೆ ಕೂತು ತಟ್ಟೆನ ತೊಡೆ ಮೇಲೆ ಬೋರಲು ಹಾಕ್ಕೊಂಡ.

"ಬ್ಯಾಡ, ಸುಮ್ಕಿರಿ" ಅಂದ್ಲು ಅಮ್ಮ. "ಮಗ ಉಣ್ತಾವ್ನೆ."

ಅಪ್ಪ ಅಣ್ಣನ ಮುಖಾನೇ ನೋಡ್ಕೊಂಡು ಬಡಿಯೋಕೆ ಶುರು ಮಾಡ್ದ. ಅದೇ ಏಟು. ಒಂದೂ ಮರೆತಿರಲಿಲ್ಲ. ಈಗ ನಮ್ಮನೇಲಿ ಎಲ್ರಿಗೂ ಗೊತ್ತಿತ್ತು ಅದು ಯಾವ ಏಟು ಅಂತ. ಅಮ್ಮ ಸೆರಗು ಬಾಯಿಗೆ ತುರ್ಕೊಂಡ್ಲು, ಈ ಸಾರಿ ನಗೋಕಲ್ಲ. ನಾನು ತಡೀಬೇಕಿತ್ತೇನೋ. ನಂಗೆ ತಡೆಯೋ ಮನಸ್ಸು ಬರ್ಲಿಲ್ಲ, ಇನ್ನೂ ಜೋರಾಗಿ ಹೊಡೀಲಿ ಅನ್ನಿಸ್ತು.

"ಅಪ್ಪಾ" ಅಂದ ಅಣ್ಣ. "ನಿಲ್ಸಪ್ಪಾ. ನಾನಿಲ್ಲೇ ಇದ್ದೀನಲ್ಲ."

"ಬಟನ್ ಇಲ್ಲ ಕಣ್ಲಾ" ಅಂದ ಅಪ್ಪ. "ಉಣ್ಣು."

ಬೆರಳು ನಿಲ್ಲಲಿಲ್ಲ. ಅಣ್ಣ ಮುದ್ದೆ ಮುರ್ಕೊಂಡು, ಸಾರಲ್ಲಿ ಅದ್ದಿ ಬಾಯಿಗಿಟ್ಕೊಂಡ.